ಕಾಮಿಕ್ಸ್ ಬಿಡಿಸುವಾಗ ಎಲ್ಲಿ ತಿದ್ದಬೇಕು, ಎಲ್ಲಿ ಮುಂದೆ ಸಾಗಬೇಕು

ಕಾಮಿಕ್ಸ್ ಬಿಡಿಸಲು ಆರಂಭಿಸಿ ನಡುವೆ ನಿಲ್ಲಿಸಿದವರಲ್ಲಿ, ಕಥೆ ಮುಂದೆ ಹೊಳೆಯಲಿಲ್ಲ ಎನ್ನುವವರಿಗಿಂತ ಬಿಡಿಸಿದ್ದು ಮನಸ್ಸಿಗೆ ಒಪ್ಪಲಿಲ್ಲ ಎನ್ನುವವರೇ ನನಗೆ ಹೆಚ್ಚಾಗಿ ಸಿಕ್ಕಿದ್ದಾರೆ. ನಾನೂ ಅವರಲ್ಲಿ ಒಬ್ಬನಾಗಿದ್ದೆ. ನನ್ನ ಮೊದಲ ದೀರ್ಘ ಕಥೆಯ ಆರಂಭದ ಪುಟವನ್ನು 6 ಬಾರಿ ಬಿಡಿಸಿದೆ. ಪ್ರತಿ ಸಲವೂ ಅದು ಹಿಂದಿನದಕ್ಕಿಂತ ಚೆನ್ನಾಗಿಯೇ ಬಂತು. ಆದರೆ 4ನೆಯ ಪುಟ ಮುಗಿಯುವ ಹೊತ್ತಿಗೆ ಕೈ ಇನ್ನಷ್ಟು ಪಳಗಿರುತ್ತಿತ್ತು, ಮೊದಲ ಪುಟ ಮತ್ತೆ ಕಳಪೆಯಾಗಿ ಕಾಣುತ್ತಿತ್ತು, ನಾನು ಮತ್ತೆ ಹಿಂದಕ್ಕೆ ಹೋಗುತ್ತಿದ್ದೆ. ಆ ಕಥೆ ಅಲ್ಲಿಗೇ ನಿಂತಿತು. ಬಹಳ ಕಾಲದ ಮೇಲೆ ನನಗೆ ಅರ್ಥವಾದದ್ದು ಇಷ್ಟು: ಬಿಡಿಸುತ್ತ ಹೋದಂತೆ ಕೈ ಪಳಗುವುದರಿಂದ ಹಳೆಯ ಪುಟ ಯಾವಾಗಲೂ ಹೊಸ ಪುಟಕ್ಕಿಂತ ಕೆಳಗೇ ಇರುತ್ತದೆ, ಆದ್ದರಿಂದ ಮೊದಲ ಪುಟವನ್ನು ಸರಿಪಡಿಸಿಯೇ ಮುಂದೆ ಹೋಗುತ್ತೇನೆ ಎಂಬ ನಿಯಮಕ್ಕೆ ಕೊನೆಯೇ ಇಲ್ಲ. ನನ್ನಲ್ಲಿ ಶ್ರದ್ಧೆ ಬೇಕಾದಷ್ಟಿತ್ತು. ಅದನ್ನು ತಪ್ಪು ಹಂತದಲ್ಲಿ ಖರ್ಚು ಮಾಡುತ್ತಿದ್ದೆ. ಯಾವ ಹಂತದಲ್ಲಿ ಹಠ ಹಿಡಿಯಬೇಕು, ಯಾವ ಹಂತದಲ್ಲಿ ಕೈ ಬಿಡಬೇಕು ಎಂಬುದನ್ನು ನಾನು ಈಗ ಅನುಸರಿಸುವ ಕ್ರಮದಲ್ಲೇ ಇಲ್ಲಿ ವಿವರಿಸುತ್ತೇನೆ.

ಮೊದಲು ಲೆಕ್ಕವನ್ನು ನೋಡೋಣ. 24 ಪುಟದ ಒಂದು ಕಥೆಯಲ್ಲಿ ಪುಟಕ್ಕೆ 6 ಚೌಕಟ್ಟುಗಳೆಂದರೆ 144 ಚಿತ್ರಗಳಾಗುತ್ತವೆ. ಪ್ರತಿಯೊಂದು ಚೌಕಟ್ಟಿನಲ್ಲೂ, ಇದೊಂದನ್ನು ಇನ್ನು ಸ್ವಲ್ಪ ತಿದ್ದೋಣ ಎಂದು ಅರ್ಧ ಗಂಟೆ ಹೆಚ್ಚಿಗೆ ಕುಳಿತರೆ 72 ಗಂಟೆ ಸೇರುತ್ತದೆ. ದಿನಕ್ಕೆ 2 ಗಂಟೆ ಮಾತ್ರ ಸಿಗುವವರಿಗೆ ಅದು 36 ದಿನಗಳ ಕೆಲಸ. ಓದುವವರು ಅದೇ ಚೌಕಟ್ಟಿನ ಮೇಲೆ ಕಣ್ಣು ನಿಲ್ಲಿಸುವುದು ಕೆಲವೇ ಕ್ಷಣ. ಗೋಡೆಗೆ ತೂಗುಹಾಕುವ ಚಿತ್ರವನ್ನು ಜನ ನಿಂತು ನೋಡುತ್ತಾರೆ, ಕಾಮಿಕ್ಸ್‌ನ ಚಿತ್ರವನ್ನು ದಾಟಿ ಮುಂದಿನದಕ್ಕೆ ಹೋಗುತ್ತಾರೆ. ಹಾಗೆ ದಾಟಿಸುವುದೇ ಅದರ ಕೆಲಸ. ಬಿಡಿಬಿಡಿಯಾಗಿ ನೋಡಿದರೆ ಸಾಧಾರಣವೆನಿಸುವ 6 ಚಿತ್ರಗಳು ಒಂದರ ಬೆನ್ನಿಗೆ ಒಂದು ಸರಿಯಾಗಿ ನಿಂತಾಗ ಪುಟ ಗಟ್ಟಿಯಾಗುತ್ತದೆ. ಬಿಡಿಯಾಗಿ ಅದ್ಭುತವಾದ 6 ಚಿತ್ರಗಳು ತಮ್ಮತಮ್ಮಲ್ಲಿ ಮಾತನಾಡದಿದ್ದರೆ ಪುಟ ಸೋಲುತ್ತದೆ. ಹಾಗಾಗಿ ಪರಿಪೂರ್ಣತೆಯನ್ನು ಅಳೆಯುವುದಾದರೆ ಪುಟವನ್ನು, ಅದಕ್ಕಿಂತ ಮೇಲಾಗಿ ಇಡೀ ಕಥೆಯನ್ನು ಅಳೆಯಬೇಕು. ಮುಗಿಯದ ಕಥೆಗೆ ಈ ಅಳತೆ ಹಿಡಿಯಲು ಸಾಧ್ಯವೇ ಇಲ್ಲ.

ಹಠವೆಲ್ಲ ಕಿರುಕರಡಿನಲ್ಲಿ

ಕಾಮಿಕ್ಸ್‌ನಲ್ಲಿ ಒಂದು ತಪ್ಪನ್ನು ಸರಿಪಡಿಸುವ ಖರ್ಚು ಹಂತದಿಂದ ಹಂತಕ್ಕೆ ಏರುತ್ತ ಹೋಗುತ್ತದೆ. ಕಥೆಯ ಬರವಣಿಗೆಯಲ್ಲಿ ಒಂದು ದೃಶ್ಯವನ್ನು ತೆಗೆದುಹಾಕಲು ಒಂದು ಗೆರೆ ಎಳೆದರೆ ಸಾಕು. ಥಂಬ್‌ನೇಲ್ ಎನ್ನುವ ಕಿರುಕರಡಿನಲ್ಲಿ, ಅಂದರೆ ಪುಟವನ್ನು ಚಿಕ್ಕದಾಗಿ ಗೀಚಿಕೊಳ್ಳುವ ಹಂತದಲ್ಲಿ, ಅದನ್ನು ಬದಲಿಸಲು 5 ನಿಮಿಷ ಬೇಕು, ಪೆನ್ಸಿಲ್ ಹಂತದಲ್ಲಿ ಅರ್ಧ ದಿನ ಬೇಕು. ಶಾಯಿ ಹಾಕಿ, ಬಣ್ಣ ತುಂಬಿ, ಅಕ್ಷರ ಕೂರಿಸಿದ ಮೇಲೆ ಅದೇ ದೃಶ್ಯವನ್ನು ಬದಲಿಸುವುದೆಂದರೆ ಪುಟವನ್ನೇ ಹೊಸದಾಗಿ ಬಿಡಿಸಿದಂತೆ. ಆದರೆ ನಮ್ಮಲ್ಲಿ ಹೆಚ್ಚಿನವರು ನಡೆದುಕೊಳ್ಳುವುದು ಇದಕ್ಕೆ ತದ್ವಿರುದ್ಧವಾಗಿ: ಕಿರುಕರಡನ್ನು ಅವಸರದಲ್ಲಿ ಗೀಚಿ ಮುಗಿಸುತ್ತೇವೆ, ಶಾಯಿಯ ಹಂತಕ್ಕೆ ಬಂದಾಗ ಒಂದೊಂದು ಗೆರೆಗೂ ಚಿಂತಿಸುತ್ತೇವೆ. ಜಪಾನಿನ ಮಾಂಗಾ ವೃತ್ತಿಯಲ್ಲಿ ಈ ಕಿರುಕರಡಿಗೆ ‘ನೇಮು’ ಎಂಬ ಹೆಸರಿದೆ; ಅಂತಿಮ ಹಾಳೆಯ ಮೇಲೆ ಪೆನ್ನು ಇಡುವ ಮೊದಲೇ ಕಲಾವಿದರು ಅದನ್ನು ಸಂಪಾದಕರೊಂದಿಗೆ ಕುಳಿತು ಚರ್ಚಿಸಿ, ಬೇಕೆನಿಸಿದರೆ ಪೂರ್ತಿಯಾಗಿ ಹೊಸದಾಗಿ ಬರೆಯುತ್ತಾರೆ. ವಾರಕ್ಕೊಂದು ಕಂತು ಕೊಡಬೇಕಾದ ಒತ್ತಡದಲ್ಲೂ ಆ ಹಂತವನ್ನು ಬಿಡದಿರುವುದಕ್ಕೆ ಕಾರಣ ಸ್ಪಷ್ಟವಾಗಿದೆ: ಅಲ್ಲಿ ತಿದ್ದಿದ್ದು ಮುಂದೆ ಹಲವು ದಿನಗಳ ಶ್ರಮವನ್ನು ಉಳಿಸುತ್ತದೆ.

ಕಿರುಕರಡಿನ ಒಂದು ಪುಟ ಅಂಗೈಗಿಂತ ದೊಡ್ಡದಾಗಿರಬಾರದು. ಜಾಗ ಚಿಕ್ಕದಾಗಿದ್ದಾಗ ಕಣ್ಣು, ಬೆರಳು, ಬಟ್ಟೆಯ ಮಡಿಕೆ ಯಾವುದನ್ನೂ ಬಿಡಿಸಲಾಗುವುದಿಲ್ಲ. ಯಾರು ಎಲ್ಲಿ ನಿಂತಿದ್ದಾರೆ, ನೋಟ ಹತ್ತಿರದ್ದೋ ದೂರದ್ದೋ, ಕಪ್ಪು ಎಲ್ಲಿ ಬೀಳುತ್ತದೆ ಎಂಬ ಮುಖ್ಯ ನಿರ್ಧಾರಗಳು ಮಾತ್ರ ಉಳಿಯುತ್ತವೆ. ಮಾತಿನ ಗುಳ್ಳೆಗಳನ್ನು ಪಾತ್ರಗಳಿಗಿಂತ ಮೊದಲೇ ಗುರುತು ಹಾಕಿಕೊಳ್ಳಿ. ಸಂಭಾಷಣೆಯನ್ನು ಕೊನೆಯಲ್ಲಿ ತುರುಕಲು ಹೋದರೆ, ಎರಡು ದಿನ ಕುಳಿತು ಬಿಡಿಸಿದ ಹಿನ್ನೆಲೆಯೇ ಗುಳ್ಳೆಯ ಅಡಿಗೆ ಸೇರುತ್ತದೆ. ಗುಳ್ಳೆಯ ಜಾಗ ಮೊದಲೇ ತಿಳಿದಿದ್ದರೆ ಅಷ್ಟು ಭಾಗವನ್ನು ಬಿಡಿಸುವ ಅಗತ್ಯವೇ ಇರುವುದಿಲ್ಲ. ಪುಸ್ತಕದ ರೂಪದಲ್ಲಿ ಎಡದಿಂದ ಬಲಕ್ಕೆ ಓದುವ ಕಥೆಯಾದರೆ, ಓದುವವರಲ್ಲಿ ಅಚ್ಚರಿ ಮೂಡಿಸಬೇಕಾದ ಚಿತ್ರ ಹಾಳೆ ಮಗುಚಿದಾಗ ಎದುರಾಗುವ ಎಡಪುಟದಲ್ಲಿ ಬರಬೇಕು. ಬಲಪುಟದಲ್ಲಿಟ್ಟರೆ ಅದು ಎಡಪುಟವನ್ನು ಓದುತ್ತಿರುವಾಗಲೇ ಕಣ್ಣಂಚಿಗೆ ಬಿದ್ದುಬಿಡುತ್ತದೆ. ಇಂಥ ತಿದ್ದುಪಡಿಗೆ ಸೂಕ್ತವಾದ ಕಾಲ ಇದೊಂದೇ.

ಕಿರುಕರಡು ಇಡೀ ಕಥೆಗೆ ಮುಗಿಯುವವರೆಗೆ ಯಾವ ಪುಟವನ್ನೂ ಅಂತಿಮವಾಗಿ ಬಿಡಿಸಬೇಡಿ. ಎಲ್ಲ ಪುಟಗಳನ್ನೂ ಸಾಲಾಗಿ ಹರಡಿ, ಕಥೆ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ, ಏನಾಯಿತೆಂದು ಅವರ ಬಾಯಿಂದ ಹೇಳಿಸಿ. ಅವರು ಹೇಳುವಾಗ ನೀವು ವಿವರಣೆ ಕೊಡಬಾರದು. ಇದು ಕಷ್ಟವಾದರೂ ಪಾಲಿಸಲೇಬೇಕಾದ ನಿಯಮ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಚೌಕಟ್ಟು ಕಡಿಮೆಯಾಗಿದೆ ಅಥವಾ ನೋಟ ತಪ್ಪಾಗಿದೆ. ಆ ಪುಟವನ್ನು ಮತ್ತೆ ಗೀಚಿ. 5 ಸಲ, 10 ಸಲವಾದರೂ ಚಿಂತೆಯಿಲ್ಲ. ಪರಿಪೂರ್ಣತೆಯ ಹಂಬಲವುಳ್ಳವರಿಗೆ ಅದನ್ನು ಬಿಡಿ ಎಂದು ಉಪದೇಶಿಸುವುದರಲ್ಲಿ ನನಗೆ ನಂಬಿಕೆಯಿಲ್ಲ, ಏಕೆಂದರೆ ಅವರನ್ನು ಚಿತ್ರದತ್ತ ಎಳೆದು ತಂದದ್ದೇ ಆ ಹಂಬಲ. ಅದಕ್ಕೆ ಬೇಕಾದಷ್ಟು ಜಾಗ ಇಲ್ಲಿದೆ.

ಎಲ್ಲ ಚೌಕಟ್ಟಿಗೂ ಒಂದೇ ಶ್ರಮ ಬೇಡ

ಪೆನ್ಸಿಲ್ ಹಿಡಿಯುವ ಮೊದಲು ಪ್ರತಿ ಪುಟದಲ್ಲೂ ಒಂದು ಚೌಕಟ್ಟನ್ನು ಆರಿಸಿ ಅದರ ಪಕ್ಕ ಗುರುತು ಹಾಕಿ. ಆ ಪುಟ ಇರುವುದೇ ಆ ಚೌಕಟ್ಟಿಗಾಗಿ: ಒಬ್ಬಳು ಪತ್ರ ಓದಿ ಮುಗಿಸಿ ತಲೆಯೆತ್ತುವ ಕ್ಷಣ, ಬಾಗಿಲು ತೆರೆದಾಗ ಕಾಣುವ ಖಾಲಿ ಕೋಣೆ, ಮಳೆಯಲ್ಲಿ ನಿಂತ ಇಬ್ಬರ ನಡುವಿನ ದೂರ. ಅದಕ್ಕೆ ಸಮಯ ಕೊಡಿ, ಆಕರ ಚಿತ್ರಗಳನ್ನು ನೋಡಿ, ಕನ್ನಡಿಯ ಮುಂದೆ ನಿಂತು ಭಂಗಿಯನ್ನು ಪರೀಕ್ಷಿಸಿ. ಉಳಿದ ಚೌಕಟ್ಟುಗಳು ಕಥೆಯನ್ನು ಆ ಕ್ಷಣದತ್ತ ಹೊತ್ತು ತರುವ ಕೂಲಿಗಳು. ಅವು ಸ್ಪಷ್ಟವಾಗಿದ್ದರೆ ಸಾಕು, ಬೆರಗುಗೊಳಿಸಬೇಕಾಗಿಲ್ಲ. ಎಲ್ಲ ಚೌಕಟ್ಟುಗಳೂ ಒಂದೇ ದನಿಯಲ್ಲಿ ಕೂಗಿದರೆ ಓದುವವರ ಕಣ್ಣಿಗೆ ವಿಶ್ರಾಂತಿ ಸಿಗುವುದಿಲ್ಲ, ಮುಖ್ಯವಾದದ್ದು ಯಾವುದೆಂದೂ ತಿಳಿಯುವುದಿಲ್ಲ. ಹಿನ್ನೆಲೆಯ ವಿಷಯದಲ್ಲೂ ಹೀಗೆಯೇ: ದೃಶ್ಯ ಆರಂಭವಾಗುವಾಗ ಒಮ್ಮೆ ಜಾಗವನ್ನು ಪೂರ್ತಿಯಾಗಿ ತೋರಿಸಿದ ಮೇಲೆ, ಮುಂದಿನ ಚೌಕಟ್ಟುಗಳಲ್ಲಿ ಒಂದು ಕಿಟಕಿಯ ಅಂಚು, ಒಂದು ಕುರ್ಚಿಯ ಬೆನ್ನು ಕಂಡರೆ ಓದುವವರು ಉಳಿದದ್ದನ್ನು ತಾವೇ ತುಂಬಿಕೊಳ್ಳುತ್ತಾರೆ.

ವೃತ್ತಿಯಲ್ಲಿ ಪಳಗಿದವರೂ ಪ್ರತಿ ಚೌಕಟ್ಟನ್ನು ಶೂನ್ಯದಿಂದ ಕಲ್ಪಿಸಿಕೊಳ್ಳುವುದಿಲ್ಲ. ಅಮೆರಿಕದ ವಾಲಿ ವುಡ್ ಎಂಬ ಕಲಾವಿದ, ಪುಟಗಟ್ಟಲೆ ಮಾತೇ ನಡೆಯುವ ದೃಶ್ಯಗಳನ್ನು ಬೇಸರವಾಗದಂತೆ ಬಿಡಿಸಲು ನೆರಳುಚಿತ್ರ, ಅತಿ ಹತ್ತಿರದ ಮುಖ, ಮುಂಭಾಗದಲ್ಲೊಂದು ವಸ್ತು, ಮೇಲಿನಿಂದ ಕಾಣುವ ನೋಟ ಎಂದು ಸಿದ್ಧ ಮಾದರಿಗಳನ್ನು ಬಿಡಿಸಿಟ್ಟುಕೊಂಡಿದ್ದರು. ಅವರ ಸಹಾಯಕರಾಗಿದ್ದ ಲ್ಯಾರಿ ಹಾಮಾ ಮುಂದೆ ಅವುಗಳಲ್ಲಿ 22 ಚೌಕಟ್ಟುಗಳನ್ನು ಒಂದೇ ಹಾಳೆಯಲ್ಲಿ ಜೋಡಿಸಿದರು. ಅದರ ನಕಲುಗಳು ಅನೇಕ ಕಲಾವಿದರ ಮೇಜು ಸೇರಿದವು. ನಿಮ್ಮದೇ ಆದ ಇಂಥ ಒಂದು ಹಾಳೆಯನ್ನು ನೀವೂ ಸಿದ್ಧಪಡಿಸಿಕೊಳ್ಳಬಹುದು. ಅದರ ಜೊತೆಗೆ ಪ್ರತಿ ಮುಖ್ಯ ಪಾತ್ರಕ್ಕೂ ಒಂದು ಮಾದರಿ ಹಾಳೆ ಬೇಕು: ಎದುರಿನಿಂದ, ಬದಿಯಿಂದ, ಹಿಂದಿನಿಂದ, ಇತರ ಪಾತ್ರಗಳ ಪಕ್ಕದಲ್ಲಿ ನಿಂತಾಗಿನ ಎತ್ತರ, ನಾಲ್ಕೈದು ಮುಖಭಾವ. ಇದನ್ನು ಮಾಡಲು ಒಂದು ವಾರ ಹಿಡಿದರೂ ನಷ್ಟವಿಲ್ಲ, ಆದರೆ ಒಂದು ವಾರಕ್ಕೆ ನಿಲ್ಲಬೇಕು. ತಿಂಗಳುಗಟ್ಟಲೆ ಪಾತ್ರದ ಉಡುಪನ್ನೇ ವಿನ್ಯಾಸ ಮಾಡುತ್ತ, ಕಥೆಯನ್ನು ಮುಟ್ಟದೆ ಉಳಿಯುವುದು ಸಿದ್ಧತೆಯ ವೇಷದಲ್ಲಿ ಬರುವ ಮುಂದೂಡಿಕೆ.

ಪಾತ್ರದ ರೂಪ ಮೊದಲೇ ಪೂರ್ತಿ ಸಿದ್ಧವಾಗಬೇಕೆಂಬ ಹಟವೂ ಬೇಡ. ಚಾರ್ಲ್ಸ್ ಶುಲ್ಜ್ 1950ರ ಅಕ್ಟೋಬರ್‌ನಿಂದ 2000ದ ಫೆಬ್ರುವರಿವರೆಗೆ ತಮ್ಮ ದಿನಪತ್ರಿಕೆಯ ಕಾಮಿಕ್ಸ್ ಪಟ್ಟಿ ‘ಪೀನಟ್ಸ್’ ಅನ್ನು ಸಹಾಯಕರಿಲ್ಲದೆ ಒಬ್ಬರೇ ಬಿಡಿಸಿದರು; ಒಟ್ಟು ಸಂಖ್ಯೆ 17,897. ಜಗತ್ತಿಗೆಲ್ಲ ಪರಿಚಿತವಾದ ಅವರ ನಾಯಿ ಆರಂಭದಲ್ಲಿ ನಾಲ್ಕು ಕಾಲಿನ ಮೇಲೆ ನಡೆಯುವ ಒಂದು ಸಾಮಾನ್ಯ ನಾಯಿಮರಿ. ಎರಡು ಕಾಲಿನ ಮೇಲೆ ನಿಂತು ಕನಸು ಕಾಣುವ ಸ್ನೂಪಿ ವರ್ಷಗಳ ದುಡಿಮೆಯಲ್ಲಿ ನಿಧಾನವಾಗಿ ರೂಪುಗೊಂಡದ್ದು. 1981ರ ಹೃದಯ ಶಸ್ತ್ರಚಿಕಿತ್ಸೆಯ ನಂತರದ ವರ್ಷಗಳಲ್ಲಿ ಅವರ ಕೈ ನಡುಗುತ್ತಿತ್ತು, ಗೆರೆಯಲ್ಲೂ ಆ ನಡುಕ ಕಾಣುತ್ತದೆ. ಓದುವವರು ಆ ಗೆರೆಯನ್ನು ತಿರಸ್ಕರಿಸಲಿಲ್ಲ. ನಮ್ಮ ಗೆರೆ ಸ್ವಲ್ಪ ಅಂಕುಡೊಂಕಾದಾಗಲೆಲ್ಲ ನಾನು ಇದನ್ನು ನೆನೆಯುತ್ತೇನೆ.

ಅಳಿಸುವ ಮೊದಲು ಒಂದು ವಾಕ್ಯ

ಈ ಕ್ರಮದಲ್ಲಿ ನನಗೆ ಅತ್ಯಂತ ಉಪಯುಕ್ತವಾದ ನಿಯಮ ಬಹಳ ಸರಳವಾದದ್ದು. ರಬ್ಬರ್ ಕೈಗೆತ್ತಿಕೊಳ್ಳುವ ಮೊದಲು, ಅಥವಾ ಡಿಜಿಟಲ್ ಆಗಿ ಬಿಡಿಸುವವರಾದರೆ ಲೇಯರ್ ಅಳಿಸುವ ಮೊದಲು, ತಪ್ಪು ಏನೆಂದು ಒಂದೇ ವಾಕ್ಯದಲ್ಲಿ ಬರೆಯಬೇಕು. ‘ಎಡಗೈ ಬಲಗೈಗಿಂತ ಉದ್ದವಾಗಿದೆ’, ‘ಇವಳು ನೋಡುತ್ತಿರುವುದು ಅವನನ್ನಲ್ಲ, ಅವನ ತಲೆಯ ಮೇಲಿನ ಗೋಡೆಯನ್ನು’, ‘ಮೇಜಿನ ಅಂಚೂ ನೆಲದ ಗೆರೆಯೂ ಒಂದರಲ್ಲೊಂದು ಸೇರಿ ಆಳವೇ ಕಾಣುತ್ತಿಲ್ಲ’ ಎಂಬಂಥ ವಾಕ್ಯ ಬಂದರೆ ಅದು ನಿಜವಾದ ತಪ್ಪು. ಅದಕ್ಕೆ ಪರಿಹಾರವೂ ವಾಕ್ಯದಲ್ಲೇ ಅಡಗಿದೆ. ‘ಏನೋ ಸರಿಯಿಲ್ಲ’, ‘ಚೆನ್ನಾಗಿ ಬಂದಿಲ್ಲ’ ಎಂದಷ್ಟೇ ಹೇಳಲು ಸಾಧ್ಯವಾದರೆ, ಆಗ ಅಳಿಸುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ಏನನ್ನು ಬದಲಿಸಬೇಕೆಂದು ತಿಳಿಯದೆ ಮತ್ತೆ ಬಿಡಿಸಿದ ಚಿತ್ರ ಹಿಂದಿನದರ ಸೋದರನೇ ಆಗಿರುತ್ತದೆ. ಅಂಥ ಹೊತ್ತಿನಲ್ಲಿ ಆ ಪುಟವನ್ನು ಬದಿಗಿಟ್ಟು ಬೇರೊಂದು ಪುಟಕ್ಕೆ ಹೋಗಿ, ಮರುದಿನ ನೋಡಿ. ಚಿತ್ರವನ್ನು ಎಡಬಲ ತಿರುಗಿಸಿ ನೋಡಿದರೂ ಕಣ್ಣಿಗೆ ಒಗ್ಗಿಹೋಗಿದ್ದ ಓರೆಗಳು ಎದ್ದು ಕಾಣುತ್ತವೆ. ಕಾಗದದ ಮೇಲೆ ಬಿಡಿಸುವವರು ಹಾಳೆಯನ್ನು ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಬಹುದು.

ವಾಕ್ಯ ಸಿಕ್ಕಿದ ಮೇಲೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಈ ತಪ್ಪು ಓದುವವರ ದಾರಿ ತಪ್ಪಿಸುತ್ತದೆಯೆ? ಯಾರು ಮಾತನಾಡುತ್ತಿದ್ದಾರೆ, ಏನು ನಡೆಯಿತು, ಪಾತ್ರದ ಮನಸ್ಸಿನಲ್ಲಿ ಏನಿದೆ ಎಂಬುದರಲ್ಲಿ ಗೊಂದಲ ಉಂಟಾಗುವುದಾದರೆ ಈಗಲೇ ತಿದ್ದಿ. ಉಂಟಾಗದಿದ್ದರೆ ಅದನ್ನು ಬರೆದಿಟ್ಟು ಮುಂದೆ ಹೋಗಿ. ಕಿವಿ ಸ್ವಲ್ಪ ಮೇಲಿದೆ, ಅಂಗಿಯ ಗುಂಡಿ ಒಂದು ಕಡಿಮೆಯಾಗಿದೆ ಎಂಬುದೆಲ್ಲ ಈ ಎರಡನೆಯ ಗುಂಪಿಗೆ ಸೇರಿದ್ದು.

ಪರದೆಯ ಮೇಲೆ ಬಿಡಿಸುವವರಿಗೆ ಈ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಕಾಗದವೇ ಒಂದು ಮಿತಿಯನ್ನು ಹಾಕುತ್ತದೆ. ನಾಲ್ಕು ಬಾರಿ ಉಜ್ಜಿದರೆ ಹಾಳೆ ಹರಿಯುತ್ತದೆ. ಪರದೆಯ ಮೇಲೆ ಅಂಥ ಮಿತಿಯಿಲ್ಲ: ಮಾಡಿದ್ದನ್ನು ರದ್ದುಮಾಡುವ ಅಂಡೂ ಗುಂಡಿ ಒತ್ತುತ್ತ ಒಂದೇ ಗೆರೆಯನ್ನು 30 ಸಲ ಎಳೆಯಬಹುದು, ಜೂಮ್ ಮಾಡಿ ಒಂದು ಕಣ್ಣನ್ನೇ ಪರದೆಯ ತುಂಬ ಹಿಗ್ಗಿಸಬಹುದು. ಆ ಗಾತ್ರದಲ್ಲಿ ಯಾರೂ ಓದುವುದಿಲ್ಲ. ಅಮೆರಿಕದ ಮಾಸಿಕ ಕಾಮಿಕ್ಸ್‌ಗಳ ಮೂಲಚಿತ್ರವನ್ನು ಸಾಮಾನ್ಯವಾಗಿ 11 ಅಂಗುಲ ಅಗಲ, 17 ಅಂಗುಲ ಉದ್ದದ ಹಾಳೆಯ ಮೇಲೆ ಬಿಡಿಸಿ, ಸುಮಾರು ಮೂರನೇ ಎರಡರಷ್ಟು ಅಳತೆಗೆ ಇಳಿಸಿ ಅಚ್ಚು ಹಾಕುತ್ತಾರೆ; ಹಾಗೆ ಇಳಿದಾಗ ಗೆರೆಯ ಸಣ್ಣ ನಡುಕಗಳು ಕಣ್ಣಿನಿಂದ ಮರೆಯಾಗುತ್ತವೆ, ಅತಿಯಾದ ವಿವರಗಳೂ ಕಪ್ಪಾಗಿ ಕೂಡಿಕೊಳ್ಳುತ್ತವೆ. ಆದ್ದರಿಂದ ಕೆಲಸ ಮಾಡುವಾಗ ಅದೇ ಕಡತವನ್ನು ಇನ್ನೊಂದು ಕಿಟಕಿಯಲ್ಲಿ ಅಂತಿಮ ಗಾತ್ರದಲ್ಲಿ ತೆರೆದಿಟ್ಟುಕೊಳ್ಳಿ. ಫೋನಿನಲ್ಲಿ ಓದುವ ಕಥೆಯಾದರೆ ಪ್ರತಿ ಪುಟವನ್ನೂ ಫೋನಿಗೆ ಕಳಿಸಿಕೊಂಡು ನೋಡಿ. ತಪ್ಪು ಆ ಗಾತ್ರದಲ್ಲಿ ಕಾಣದಿದ್ದರೆ ಅದನ್ನು ಬಿಟ್ಟುಬಿಡಿ.

ತಪ್ಪುಗಳಿಗೊಂದು ಪುಸ್ತಕ

ಮುಂದೆ ಹೋಗಿ ಎಂದು ಹೇಳುವುದು ಸುಲಭ. ಬಿಟ್ಟು ಬಂದ ತಪ್ಪು ಮನಸ್ಸನ್ನು ಕೊರೆಯುತ್ತಲೇ ಇರುತ್ತದೆ. ಅದಕ್ಕಾಗಿ ಒಂದು ಚಿಕ್ಕ ನೋಟ್‌ಪುಸ್ತಕ ಇಡಿ. ಪುಟದ ಸಂಖ್ಯೆ, ಚೌಕಟ್ಟಿನ ಸಂಖ್ಯೆ, ತಪ್ಪಿನ ಒಂದು ವಾಕ್ಯ, ಅಷ್ಟೇ. ಬರೆದ ಮೇಲೆ ಆ ತಪ್ಪನ್ನು ನೆನಪಿಟ್ಟುಕೊಳ್ಳುವ ಹೊಣೆ ಪುಸ್ತಕದ್ದಾಗುತ್ತದೆ, ಮನಸ್ಸು ಮುಂದಿನ ಪುಟಕ್ಕೆ ಬಿಡುವಾಗುತ್ತದೆ. ಜೊತೆಗೊಂದು ಕಟ್ಟುನಿಟ್ಟಿನ ನಿಯಮ: ಕಥೆಯ ಕೊನೆಯ ಪುಟಕ್ಕೆ ಶಾಯಿ ಬೀಳುವವರೆಗೆ ಹಿಂದಿನ ಪುಟಗಳನ್ನು ಮುಟ್ಟುವಂತಿಲ್ಲ. ಗೊಂದಲ ತರುವ ತಪ್ಪಿಗೆ ಮಾತ್ರ ವಿನಾಯಿತಿ.

ತಿದ್ದುಪಡಿ ತಡವಾದರೆ ಕೃತಿಗೆ ಕಳಂಕ ಎಂದು ಭಾವಿಸುವವರಿಗೆ ಬೆಲ್ಜಿಯಂನ ಹೆರ್ಜೆಯವರ ಉದಾಹರಣೆ ಕೊಡಬಹುದು. 1929ರಲ್ಲಿ ಆರಂಭವಾದ ಅವರ ಟಿನ್‌ಟಿನ್ ಕಥೆಗಳು ಮೊದಲು ಪತ್ರಿಕೆಯಲ್ಲಿ ಕಪ್ಪುಬಿಳುಪಿನಲ್ಲಿ ಕಂತುಕಂತಾಗಿ ಬಂದವು. 1940ರ ದಶಕದಲ್ಲಿ ಅವರು ಹಳೆಯ ಕಥೆಗಳನ್ನು 62 ಪುಟಗಳ ಅಳತೆಗೆ ಹೊಂದಿಸಿ, ಮತ್ತೆ ಬಿಡಿಸಿ, ಬಣ್ಣದಲ್ಲಿ ಹೊರತಂದರು. ಅವುಗಳಲ್ಲಿ ಬ್ರಿಟನ್ನಿನಲ್ಲಿ ನಡೆಯುವ ಒಂದು ಕಥೆ 1938ರಲ್ಲಿ ಪುಸ್ತಕವಾಗಿ, 1943ರಲ್ಲಿ ಬಣ್ಣದ ಪುಸ್ತಕವಾಗಿ ಬಂದಿತ್ತು. ಇಂಗ್ಲಿಷ್ ಆವೃತ್ತಿಯ ಪ್ರಕಾಶಕರು ಬ್ರಿಟನ್ನಿನ ಚಿತ್ರಣದಲ್ಲಿ 131 ತಪ್ಪುಗಳನ್ನು ಪಟ್ಟಿ ಮಾಡಿ ಕಳಿಸಿದಾಗ, ಹೆರ್ಜೆ ತಮ್ಮ ಸಹಾಯಕ ಬಾಬ್ ಡಿ ಮೂರ್ ಅವರನ್ನು ಅಲ್ಲಿಗೇ ಕಳಿಸಿ ವಿವರಗಳನ್ನು ತರಿಸಿಕೊಂಡರು. ಪೂರ್ತಿಯಾಗಿ ಹೊಸದಾಗಿ ಬಿಡಿಸಿದ ಆವೃತ್ತಿ 1966ರಲ್ಲಿ ಪ್ರಕಟವಾಯಿತು. ನಿಖರತೆಯ ವಿಷಯದಲ್ಲಿ ಹೆರ್ಜೆಯಷ್ಟು ಹಠವಾದಿಗಳು ವಿರಳ. ಆದರೂ ಆ 131 ತಪ್ಪುಗಳಿದ್ದ ಕಥೆ 28 ವರ್ಷ ಓದುಗರ ಕೈಯಲ್ಲಿತ್ತು, ಆ ಅವಧಿಯಲ್ಲಿ ಅವರು ಮುಂದಿನ ಹಲವು ಕಥೆಗಳನ್ನು ಬಿಡಿಸಿ ಇನ್ನೂ ಪಳಗಿದ ಕಲಾವಿದರಾದರು. ಹೊಸ ಆವೃತ್ತಿಯನ್ನು ಬಿಡಿಸಿದ್ದು ಆ ಪಳಗಿದ ಕೈ. ಮೊದಲ ಆವೃತ್ತಿಯನ್ನೇ ಹಿಡಿದು ಕುಳಿತಿದ್ದರೆ ಆ ಕೈ ಅವರಿಗೆ ಸಿಗುತ್ತಿರಲಿಲ್ಲ.

ಅಭ್ಯಾಸದ ಹಾಳೆ ಬೇರೆ, ಕಥೆಯ ಹಾಳೆ ಬೇರೆ ಎಂಬುದೂ ಇದಕ್ಕೆ ಸೇರಿದ ಮಾತು. ಕೈಬೆರಳು ಬಿಡಿಸುವುದು ನಿಮಗೆ ಕಷ್ಟವಾದರೆ, ಅದನ್ನು ಕಲಿಯುವ ಜಾಗ 9ನೆಯ ಪುಟದ 3ನೆಯ ಚೌಕಟ್ಟಲ್ಲ. ಬೆಳಿಗ್ಗೆ 15 ನಿಮಿಷ ಬೇರೆ ಹಾಳೆಯಲ್ಲಿ ಬರೀ ಕೈಗಳನ್ನೇ ಬಿಡಿಸಿ, ಆ ಹಾಳೆಯನ್ನು ಎತ್ತಿಟ್ಟು, ಕಥೆಗೆ ಬಂದಾಗ ಅಂದಿನ ಮಟ್ಟಕ್ಕೆ ಸಾಧ್ಯವಾದ ಕೈಯನ್ನು ಬಿಡಿಸಿ ಮುಂದೆ ಹೋಗಿ. ಕಥೆ ಮುಗಿಯುವ ಹೊತ್ತಿಗೆ ಕೊನೆಯ ಪುಟದ ಕೈಗಳು ಮೊದಲ ಪುಟದವುಗಳಿಗಿಂತ ಚೆನ್ನಾಗಿರುತ್ತವೆ. ಓದುವವರಿಗೆ ಅದು ದೋಷವಾಗಿ ಕಾಣುವುದು ಕಡಿಮೆ, ನಿಮಗಂತೂ ಅದು ಪ್ರಗತಿಯ ದಾಖಲೆ.

ರಾಜಿ ಮಾಡಿಕೊಳ್ಳಬಾರದ ಸಂಗತಿಗಳು

ಹೇಗಾದರೂ ಮುಗಿದರೆ ಸಾಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೆಲವು ಕಡೆ ಅವಸರ ಮಾಡಿದರೆ ಓದುವಿಕೆಯೇ ಕೆಡುತ್ತದೆ, ಅಲ್ಲಿ ಉಳಿಸಿದ ಸಮಯ ಉಳಿತಾಯವಲ್ಲ.

ಅಕ್ಷರ ಅಂಥವುಗಳಲ್ಲಿ ಮೊದಲನೆಯದು. ಚಿತ್ರ ಸಾಧಾರಣವಾಗಿದ್ದು ಅಕ್ಷರ ಸ್ಪಷ್ಟವಾಗಿರುವ ಕಾಮಿಕ್ಸ್ ಅನ್ನು ಜನ ಓದುತ್ತಾರೆ. ಚಿತ್ರ ಅದ್ಭುತವಾಗಿದ್ದು ಅಕ್ಷರ ಓದಲಾಗದ ಕಾಮಿಕ್ಸ್ ಅನ್ನು ಕೆಳಗಿಡುತ್ತಾರೆ. ಗುಳ್ಳೆಯ ಅಂಚಿಗೂ ಅಕ್ಷರಕ್ಕೂ ನಡುವೆ ಉಸಿರಾಡುವಷ್ಟು ಜಾಗವಿರಲಿ, ಒತ್ತಕ್ಷರಗಳಿರುವ ಲಿಪಿಯಲ್ಲಿ ಸಾಲುಗಳ ನಡುವಿನ ಅಂತರ ಇನ್ನೂ ಹೆಚ್ಚಿರಲಿ, ಗುಳ್ಳೆಯ ಬಾಲ ಮಾತನಾಡುವವರ ಬಾಯಿಯ ಕಡೆಗೇ ಇರಲಿ. ಯಾವ ಗುಳ್ಳೆಯನ್ನು ಮೊದಲು ಓದಬೇಕೆಂಬುದರಲ್ಲಿ ಒಂದು ಕ್ಷಣ ಅನುಮಾನ ಬಂದರೂ ಸಂಭಾಷಣೆ ತಲೆಕೆಳಗಾಗುತ್ತದೆ. ಎಡದಿಂದ ಬಲಕ್ಕೆ ಓದುವ ಪುಟದಲ್ಲಿ ಮೊದಲು ಮಾತನಾಡುವ ಪಾತ್ರವನ್ನು ಚೌಕಟ್ಟಿನ ಎಡಕ್ಕೆ ನಿಲ್ಲಿಸಿದರೆ ಈ ತೊಡಕಿನ ಅರ್ಧ ಭಾಗ ತಾನಾಗಿ ನಿವಾರಣೆಯಾಗುತ್ತದೆ. ಹಾಗೆಯೇ, ಇಬ್ಬರು ಎದುರುಬದುರು ನಿಂತಿರುವಾಗ ಅವರ ನಡುವೆ ಒಂದು ಗೆರೆಯಿದೆಯೆಂದು ಭಾವಿಸಿ, ಆ ದೃಶ್ಯವಿಡೀ ಗೆರೆಯ ಒಂದೇ ಬದಿಯಿಂದ ನೋಡಬೇಕು. ಕಾರಣವಿಲ್ಲದೆ ಇನ್ನೊಂದು ಬದಿಗೆ ಹೋದರೆ ಎಡದಲ್ಲಿದ್ದವರು ಬಲಕ್ಕೆ ಬಂದು, ಓದುವವರು ಯಾರು ಯಾರೆಂದು ಹುಡುಕಬೇಕಾಗುತ್ತದೆ. ಪಾತ್ರಗಳನ್ನು ಮುಖದ ಸೂಕ್ಷ್ಮಗಳಿಂದ ಮಾತ್ರವಲ್ಲದೆ ಕೂದಲಿನ ಆಕಾರ, ಮೈಕಟ್ಟು, ಉಡುಪಿನ ಕಪ್ಪುಬಿಳುಪಿನಿಂದಲೂ ಗುರುತಿಸುವಂತಿರಬೇಕು. ಇವಿಷ್ಟು ಸರಿಯಿದ್ದ ಪುಟ ತನ್ನ ಕೆಲಸ ಮಾಡುತ್ತದೆ.

ಸಮಯವನ್ನು ಅಳೆಯುವುದು

ನಮ್ಮ ವೇಗದ ಬಗ್ಗೆ ನಮಗಿರುವ ಅಂದಾಜು ನಂಬಲು ತಕ್ಕದ್ದಲ್ಲ. ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವರ್ಸ್ಕಿ ಕೆಲಸಕ್ಕೆ ಬೇಕಾಗುವ ಕಾಲವನ್ನು ಜನ ಕಡಿಮೆ ಎಣಿಸುವ ಈ ಪ್ರವೃತ್ತಿಯನ್ನು 1979ರಲ್ಲೇ ಗುರುತಿಸಿದ್ದರು. ಅದಕ್ಕೆ ಮದ್ದೆಂದರೆ ಲೆಕ್ಕ ಇಡುವುದು. ಮೊದಲ 5 ಪುಟಗಳಲ್ಲಿ ಪೆನ್ಸಿಲ್, ಶಾಯಿ, ಅಕ್ಷರ, ಬಣ್ಣ ಎಂದು ಪ್ರತಿ ಹಂತಕ್ಕೂ ಹಿಡಿದ ಗಂಟೆಗಳನ್ನು ಬರೆದಿಡಿ. ಆ ಸರಾಸರಿಯೇ ನಿಮ್ಮ ನಿಜವಾದ ವೇಗ, ಇತರರ ವೇಗದೊಂದಿಗೆ ಅದನ್ನು ಹೋಲಿಸಬೇಡಿ. ದೊಡ್ಡ ಪ್ರಕಾಶಕರ ಮಾಸಿಕ ಕಾಮಿಕ್ಸ್‌ಗಳಲ್ಲಿ ಬರೆಯುವವರು, ಪೆನ್ಸಿಲ್ ಹಿಡಿಯುವವರು, ಶಾಯಿ ಹಾಕುವವರು, ಬಣ್ಣ ತುಂಬುವವರು, ಅಕ್ಷರ ಕೂರಿಸುವವರು ಬೇರೆಬೇರೆಯವರಾಗಿರುತ್ತಾರೆ, ನೀವು ಆ ಐದೂ ಕೆಲಸವನ್ನು ಒಬ್ಬರೇ ಮಾಡುತ್ತಿದ್ದೀರಿ. ಸರಾಸರಿ ಸಿಕ್ಕಿದ ಮೇಲೆ ಪ್ರತಿ ಪುಟಕ್ಕೂ ಅಷ್ಟೇ ಗಂಟೆ ಕೊಡಿ. ಸಮಯ ಮುಗಿದಾಗ ಪುಟ ಇರುವ ಸ್ಥಿತಿಯಲ್ಲೇ ಮುಗಿಯಿತೆಂದು ಬರೆದು, ದಿನಾಂಕ ಹಾಕಿ.

ಗಡುವಿನ ಪರಿಣಾಮವನ್ನು ಒಮ್ಮೆ ತೀವ್ರವಾಗಿ ಅನುಭವಿಸುವುದೂ ಒಳ್ಳೆಯದು. 1990ರಲ್ಲಿ ಅಮೆರಿಕದ ಕಾಮಿಕ್ಸ್ ಕಲಾವಿದ ಸ್ಕಾಟ್ ಮೆಕ್‌ಕ್ಲೌಡ್, ತಮಗೂ ತಮ್ಮಂತೆಯೇ ನಿಧಾನವಾಗಿ ಕೆಲಸ ಮಾಡುತ್ತಿದ್ದ ಗೆಳೆಯ ಸ್ಟೀವ್ ಬಿಸೆಟ್ ಅವರಿಗೂ ಒಂದು ಸವಾಲು ರೂಪಿಸಿದರು: 24 ಪುಟದ ಒಂದು ಪೂರ್ಣ ಕಾಮಿಕ್ಸ್ ಅನ್ನು ಸತತ 24 ಗಂಟೆಗಳಲ್ಲಿ ಬಿಡಿಸಿ ಮುಗಿಸಬೇಕು. ಇಬ್ಬರೂ ಮುಗಿಸಿದರು, ಆಮೇಲೆ ಅನೇಕರು ಅದನ್ನು ಅನುಸರಿಸಿದರು. ನಿದ್ದೆಗೆಡುವ ಆ ಪೂರ್ಣ ರೂಪವನ್ನು ನಾನು ಎಲ್ಲರಿಗೂ ಸೂಚಿಸಲಾರೆ. ಒಂದು ರಜಾದಿನದಲ್ಲಿ ಬೆಳಿಗ್ಗೆ ಕುಳಿತು ಸಂಜೆಗೆ 4 ಪುಟ ಮುಗಿಸಿದರೂ ಸಾಕು. ಪುಟಕ್ಕೆ ಎರಡು ಗಂಟೆಯಷ್ಟೇ ಇದ್ದಾಗ ಕೈ ತಾನಾಗಿ ಅನಗತ್ಯವಾದದ್ದನ್ನು ಬಿಟ್ಟು ಕಥೆಗೆ ಬೇಕಾದದ್ದನ್ನು ಮಾತ್ರ ಹಿಡಿಯುತ್ತದೆ. ಆ 4 ಪುಟಗಳನ್ನು ಒಂದು ವಾರದ ನಂತರ, ನಿಧಾನವಾಗಿ ಬಿಡಿಸಿದ ನಿಮ್ಮದೇ ಪುಟಗಳ ಪಕ್ಕ ಇಟ್ಟು ನೋಡಿ. ನನ್ನ ಅನುಭವದಲ್ಲಿ ಭಂಗಿಗಳು ಅವಸರದ ಪುಟಗಳಲ್ಲೇ ಹೆಚ್ಚು ಜೀವಂತವಾಗಿದ್ದವು, ಹಿನ್ನೆಲೆಗಳು ಮಾತ್ರ ಸೊರಗಿದ್ದವು. ಅಂದಿನಿಂದ ಭಂಗಿಯನ್ನು ವೇಗವಾಗಿ, ಹಿನ್ನೆಲೆಯನ್ನು ಸಾವಕಾಶವಾಗಿ ಬಿಡಿಸುತ್ತಿದ್ದೇನೆ. ನಿಮ್ಮ ಪುಟಗಳು ಬೇರೇನನ್ನೋ ತೋರಿಸಬಹುದು.

ಮೊದಲ ಕಥೆಯನ್ನು ಚಿಕ್ಕದಾಗಿಟ್ಟುಕೊಳ್ಳಿ ಎಂಬ ಸಲಹೆ ಹಳೆಯದಾದರೂ ಅದನ್ನು ಮೀರಿಸುವ ಸಲಹೆ ನನಗೆ ಸಿಕ್ಕಿಲ್ಲ. ಮೊದಲು ಒಂದು ಪುಟ, ನಂತರ 4, ನಂತರ 8. ಮನಸ್ಸಿನಲ್ಲಿರುವ 300 ಪುಟದ ಮಹಾಕಥೆ ಕಾಯಬಲ್ಲದು. 8 ಪುಟದ ಮೂರು ಕಥೆಗಳನ್ನು ಮುಗಿಸಿದ ಕೈಯಲ್ಲಿ ಅದು ಹೆಚ್ಚು ಸುರಕ್ಷಿತವಾಗಿರುತ್ತದೆ.

ಕೊನೆಯ ಪುಟದ ನಂತರ

ಕೊನೆಯ ಪುಟ ಮುಗಿದ ದಿನವೇ ತಪ್ಪುಗಳ ಪುಸ್ತಕವನ್ನು ತೆರೆಯಬೇಡಿ. ಎರಡು ವಾರವಾದರೂ ಬಿಡಿ. ಅನಂತರ ಇಡೀ ಕಥೆಯನ್ನು ಒಂದೇ ಓಟದಲ್ಲಿ, ಕೈಯಲ್ಲಿ ಪೆನ್ಸಿಲ್ ಇಲ್ಲದೆ ಓದಿ. ಓದುವಾಗ ಕಣ್ಣು ತಡೆದ ಜಾಗಗಳನ್ನು ಮಾತ್ರ ನೆನಪಿನಿಂದ ಬರೆದು, ಆ ಪಟ್ಟಿಯನ್ನು ಪುಸ್ತಕದಲ್ಲಿರುವ ತಪ್ಪುಗಳೊಂದಿಗೆ ಹೋಲಿಸಿ. ಬಿಡಿಸುವಾಗ ಅಸಹನೀಯವೆನಿಸಿದ್ದ ಎಷ್ಟೋ ತಪ್ಪುಗಳು ಈಗ ಕಣ್ಣಿಗೇ ಬಿದ್ದಿರುವುದಿಲ್ಲ. ಅವುಗಳ ಮೇಲೆ ಗೆರೆ ಎಳೆಯಿರಿ. ಎರಡೂ ಪಟ್ಟಿಯಲ್ಲಿ ಉಳಿದವುಗಳನ್ನು ತಿದ್ದಲು 5 ದಿನವೋ 10 ದಿನವೋ ಎಂದು ಮೊದಲೇ ನಿಗದಿ ಮಾಡಿ, ಕಥೆಯ ಅರ್ಥಕ್ಕೆ ಹೆಚ್ಚು ಹತ್ತಿರವಾದದ್ದರಿಂದ ಆರಂಭಿಸಿ. ಅವಧಿ ಮುಗಿದಾಗ ಪುಸ್ತಕದಲ್ಲಿ ಇನ್ನೂ ಉಳಿದಿರುವ ತಪ್ಪುಗಳನ್ನು ಬಗೆಬಗೆಯಾಗಿ ವಿಂಗಡಿಸಿ: ಕೈಗಳು ಎಷ್ಟು, ಕಟ್ಟಡಗಳ ಕೋನ ಎಷ್ಟು, ಒಂದೇ ರೀತಿ ಕಾಣುವ ಮುಖಗಳು ಎಷ್ಟು. ಅತಿ ಹೆಚ್ಚು ಸಲ ಬಂದಿರುವ ತಪ್ಪನ್ನು ಮುಂದಿನ ಮೂರು ತಿಂಗಳ ಬೆಳಗಿನ ಅಭ್ಯಾಸಕ್ಕೆ ಇಟ್ಟುಕೊಂಡು, ಹೊಸ ಕಥೆಯ ಕಿರುಕರಡಿಗೆ ಕುಳಿತುಕೊಳ್ಳಿ.